ಸ್ವಲೀನ ಮಕ್ಕಳ ಕಲಿಕೆಗೆ ತಂತ್ರಜ್ಞಾನದ ನೆರವು

ಮಾತನಾಡದ ಮಗುವಿಗೆ ಏನೂ ತಿಳಿಯದೆಂದು ಭಾವಿಸುವುದು ತಪ್ಪು. ಸ್ವಲೀನತೆ, ಅಂದರೆ ಆಟಿಸಂ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಪಾಲನೆಯ ದೋಷದಿಂದ ಉಂಟಾಗುವುದಲ್ಲ. ಇಂಥ ಮಕ್ಕಳಲ್ಲಿ ಕೆಲವರು ನಿರರ್ಗಳವಾಗಿ ಮಾತನಾಡುತ್ತಾರೆ. ಕೆಲವರಿಗೆ ತಿಳಿದುದನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ವಿಕಲತೆಗಳಲ್ಲಿ ಸ್ವಲೀನತೆಯೂ ಒಂದು. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದಭಾವವಿಲ್ಲದೆ ಸೇರಿಸಿಕೊಂಡು, ಅವರ ಅಗತ್ಯಕ್ಕೆ ತಕ್ಕ ಏರ್ಪಾಡು ಮಾಡಬೇಕೆಂದು ಅದು ವಿಧಿಸುತ್ತದೆ.

ಮುಂಬಯಿಯ ವಿಲೆ ಪಾರ್ಲೆಯಂಥ ಉಪನಗರದಲ್ಲಿ ಕನ್ನಡ ಮನೆತನದ ಮಗುವೊಂದನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್. ಪಕ್ಕದಲ್ಲೇ ವಿಮಾನ ನಿಲ್ದಾಣವಿರುವುದರಿಂದ ಆಗಾಗ ವಿಮಾನಗಳ ಅಬ್ಬರ. ಸದ್ದನ್ನು ಸಹಿಸಲಾರದ ಮಗು ಕಿವಿ ಮುಚ್ಚಿಕೊಂಡು ಕಿರುಚಿದರೆ ಅದನ್ನು ಹಟವೆಂದು ಎಣಿಸುವ ಸಂಭವವುಂಟು. "ಸದ್ದು ಬೇಡ" ಎಂದು ತಿಳಿಸಲು ಅದಕ್ಕೆ ಒಂದು ಸಾಧನ ದೊರೆತರೆ ಕಿರುಚುವ ಕಾರಣವೇ ಕಡಿಮೆಯಾಗುತ್ತದೆ.

ಅಂಥ ಸಾಧನವೊಂದು ಅದೇ ನಗರದಲ್ಲಿ ರೂಪುಗೊಂಡಿದೆ. ಪವಾಯಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯ ವಿನ್ಯಾಸ ವಿಭಾಗವು ಸಿದ್ಧಪಡಿಸಿದ 'ಜೆಲ್ಲೋ' ಎಂಬ ಉಚಿತ ಆ್ಯಪ್ ಮೊಬೈಲ್ ಹಾಗೂ ಟ್ಯಾಬ್ಲೆಟ್‌ಗಳಲ್ಲಿ ಕೆಲಸ ಮಾಡುತ್ತದೆ. ಊಟ, ಆಟ, ಶಾಲೆ ಮುಂತಾದವುಗಳ ಚಿತ್ರವನ್ನು ಮುಟ್ಟಿ, ಬೇಕು–ಬೇಡ, ಇಷ್ಟ–ಇಷ್ಟವಿಲ್ಲ ಎಂಬ ಗುಂಡಿಯನ್ನು ಒತ್ತಿದರೆ ಯಂತ್ರವು ಆ ವಾಕ್ಯವನ್ನು ನುಡಿಯುತ್ತದೆ. ಹಿಂದಿ, ಮರಾಠಿಗಳಲ್ಲಿಯೂ ಅದು ಲಭ್ಯವಿದೆ. ಮನೆಯ ಬಳಕೆಗೆ ಕನ್ನಡ ಪದ ಬರೆದ ಚಿತ್ರಗಳ ಹಲಗೆಯನ್ನು ತಂದೆತಾಯಂದಿರೇ ಸಿದ್ಧಪಡಿಸಿಕೊಳ್ಳಬಹುದು.

ಶಿಕ್ಷಕರು ಗಮನಿಸಬೇಕಾದ ಅಂಶಗಳು ಹೀಗಿವೆ. ಮೊದಲು ತಾವೇ ಚಿತ್ರಗಳನ್ನು ಮುಟ್ಟುತ್ತಾ ಮಾತನಾಡಿ ತೋರಿಸಬೇಕು. ಪ್ರಶ್ನೆ ಕೇಳಿದ ಬಳಿಕ ಉತ್ತರಕ್ಕಾಗಿ ಸಾವಧಾನದಿಂದ ಕಾಯಬೇಕು. ದಿನದ ಪಾಠಗಳ ಕ್ರಮವನ್ನು ಪರದೆಯ ಮೇಲೆ ಚಿತ್ರಗಳಲ್ಲಿ ತೋರಿಸಿದರೆ ಮುಂದೇನೆಂಬ ಕಳವಳ ತಗ್ಗುತ್ತದೆ.

ಯಂತ್ರ ಬಳಸಿದರೆ ಮಗು ಮಾತು ಕಲಿಯದೆಂಬ ಭಯ ಹಲವು ಪೋಷಕರಲ್ಲಿದೆ. ಈವರೆಗಿನ ಅಧ್ಯಯನಗಳು ಇದನ್ನು ಸಮರ್ಥಿಸುವುದಿಲ್ಲ. ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿರುವುದೂ ಕಂಡುಬಂದಿದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಆಟಕ್ಕೆಂದು ಕೊಟ್ಟ ಟ್ಯಾಬ್ಲೆಟನ್ನು ಹಿಂದಕ್ಕೆ ಪಡೆಯಬಹುದು. ಮಾತಿಗೆಂದು ಕೊಟ್ಟದ್ದನ್ನು ಶಿಕ್ಷೆಯಾಗಿ ಕಸಿದುಕೊಳ್ಳಬಾರದು. ಹಾಗೆ ಮಾಡುವುದು ಮಗುವಿನ ಬಾಯಿ ಮುಚ್ಚಿದಂತೆಯೇ ಸರಿ. ಊಟದ ವಿರಾಮದಲ್ಲಿಯೂ ಆಟದ ಬಯಲಿನಲ್ಲಿಯೂ ಅದು ಮಗುವಿನ ಕೈಗೆಟುಕುವಂತಿರಬೇಕು. "ಬೇಡ" ಎಂದು ಹೇಳುವ ಅವಕಾಶವೂ ಶಿಕ್ಷಣದ ಒಂದು ಭಾಗವೇ ಆಗಿದೆ.