ಗೃಧ್ರಸಿ: ಸೊಂಟದಿಂದ ಹಿಮ್ಮಡಿಗೆ ಇಳಿಯುವ ನೋವು



ರೇಷ್ಮೆಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಹೊತ್ತು ಮುಗಿಯುವುದಿಲ್ಲ. ಹೊಂಗನೂರಿನ ತೋಟಗಳಲ್ಲಿ ಬಗ್ಗಿ ಸೊಪ್ಪು ಕೊಯ್ದು ಹೊರೆ ಎತ್ತುವವರಿಗೆ ಸೊಂಟ ಹಿಡಿದರೆ ಮಲಗುವಂತೆಯೂ ಇಲ್ಲ, ನಿಲ್ಲುವಂತೆಯೂ ಇಲ್ಲ. ನೋವು ಸೊಂಟದಲ್ಲೇ ನಿಂತರೆ ಅದು ಬೇರೆ. ಕುಂಡಿಯಿಂದ ತೊಡೆಯ ಹಿಂಭಾಗ, ಮೀನಖಂಡ ಹಾದು ಪಾದದವರೆಗೆ ಚಳಕು ಹೊಡೆದರೆ, ಕೆಮ್ಮಿದಾಗ ಹೆಚ್ಚಾದರೆ, ಅದು ಆಯುರ್ವೇದದಲ್ಲಿ ಹೇಳುವ ಗೃಧ್ರಸಿ ಇರಬಹುದು. ಆಸ್ಪತ್ರೆಯಲ್ಲಿ ಸಯಾಟಿಕಾ ಎನ್ನುತ್ತಾರೆ. ಗೃಧ್ರ ಎಂದರೆ ರಣಹದ್ದು. ನಮ್ಮ ರಾಮದೇವರ ಬೆಟ್ಟದ ರಣಹದ್ದು ನೆಲದ ಮೇಲೆ ಹೆಜ್ಜೆ ಹಾಕುವುದನ್ನು ನೋಡಿದವರಿಗೆ ಈ ಹೆಸರು ಏಕೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿ ನರದ ಬೇರನ್ನು ಒತ್ತುವುದೇ ಹೆಚ್ಚಾಗಿ ಇದಕ್ಕೆ ಕಾರಣ. ಚರಕ ಸಂಹಿತೆಯಲ್ಲಿ ಇದನ್ನು ವಾತವ್ಯಾಧಿಗಳ ಸಾಲಿನಲ್ಲಿ ಹೇಳಿದೆ. ಅದಕ್ಕೇ ಎಣ್ಣೆ ಮತ್ತು ಶಾಖಕ್ಕೆ ಮೊದಲ ಸ್ಥಾನ. ಇವು ಮೆತ್ತೆಯನ್ನು ಒಳಗೆ ತಳ್ಳುವುದಿಲ್ಲ. ಬಿಗಿದ ಸ್ನಾಯುವನ್ನು ಸಡಿಲಿಸಿ ನೋವನ್ನು ತಗ್ಗಿಸುತ್ತವೆ. ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ.

ಶಾಖಕ್ಕೆ ಬೇಕಾದುದು ಬೇಲಿಯಲ್ಲೇ ಇದೆ. ಕಣಜಕ್ಕೆ ಹುಳು ಬೀಳದಂತೆ ಹಾಕುತ್ತೇವಲ್ಲ, ಆ ಲಕ್ಕಿ ಸೊಪ್ಪು ಎರಡು ಹಿಡಿ, ಹರಳು ಗಿಡದ ಎಲೆ ಒಂದು ಹಿಡಿ ಹೆಚ್ಚಿಕೊಳ್ಳಿ. ಸ್ವಲ್ಪ ತೆಂಗಿನ ತುರಿ ಸೇರಿಸಿ ಎಳ್ಳೆಣ್ಣೆಯಲ್ಲಿ ಹಸಿವಾಸನೆ ಹೋಗುವವರೆಗೆ ಹುರಿದು, ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ. ಸೊಂಟದಿಂದ ಹಿಮ್ಮಡಿಯವರೆಗೆ ಬೆಚ್ಚಗಿನ ಎಣ್ಣೆ ಹಗುರವಾಗಿ ಸವರಿ, ಗಂಟನ್ನು ನಿಮ್ಮ ಮುಂಗೈಗೆ ಮುಟ್ಟಿಸಿ ನೋಡಿಕೊಂಡು 15–20 ನಿಮಿಷ ಒತ್ತಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಡುವುದು ತಿಳಿಯದು. ಅವರಿಗೆ ಈ ಶಾಖ ಕೊಡಕೂಡದು.

ಬೆನ್ನು ತುಳಿಸುವುದು, ನೆಟಿಗೆ ಮುರಿಸುವುದು ಬೇಡವೇ ಬೇಡ. ಸಂತೆಯಲ್ಲಿ ಚೀಟಿಯಿಲ್ಲದೆ ಮಾರುವ ಪುಡಿಯನ್ನೂ ನುಂಗಬೇಡಿ. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು. ಹರಳೆಣ್ಣೆ ಕುಡಿಯುವುದೂ ವೈದ್ಯರು ಹೇಳಿದ ಅಳತೆಯಲ್ಲೇ, ಬಸುರಿಯರಿಗಂತೂ ಬೇಡ. ದಿನವಿಡೀ ಮಲಗದೆ ಮನೆಯ ಸುತ್ತ ನಿಧಾನವಾಗಿ ಓಡಾಡಿ. ಹೊರೆ ಎತ್ತುವಾಗ ಮಂಡಿ ಮಡಿಸಿ ಕುಳಿತು, ಹೊರೆಯನ್ನು ಮೈಗೆ ಒತ್ತಿಕೊಂಡು ಏಳಿ. ಒಂದು ದೊಡ್ಡ ಹೊರೆಗಿಂತ ಎರಡು ಸಣ್ಣ ಹೊರೆ ಮೇಲು.

ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಗಳ ಸಂದು ಮರಗಟ್ಟಿದರೆ ಶಾಖ ಕೊಡುತ್ತ ಕೂರಬೇಡಿ. ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ತಡವಾದರೆ ಕಾಲಿನ ಬಲ ಮರಳಿ ಬಾರದೆ ಹೋಗಬಹುದು. ಬಿದ್ದು ಪೆಟ್ಟಾಗಿದ್ದರೆ, ನೋವಿನೊಡನೆ ಜ್ವರವಿದ್ದರೆ ಸಹ ಹೀಗೆಯೇ. ಬಸ್ತಿ ಮುಂತಾದ ಚಿಕಿತ್ಸೆ ಬೇಕೆನಿಸಿದವರು ಬೆಂಗಳೂರಿನ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಯಲ್ಲಿ ತೋರಿಸಬಹುದು. ಹೋಗುವಾಗ ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ.