ಅಂಗಳದ ಹೂವಿನ ಲೆಕ್ಕ

ದೇವರಿಗೂ ಮುಡಿಗೂ ಸೇರಿ ದಿನಕ್ಕೆ 20 ರೂಪಾಯಿಯ ಹೂ ಕೊಳ್ಳುವ ಮನೆಯಲ್ಲಿ ವರ್ಷಕ್ಕೆ 7,300 ರೂಪಾಯಿ ಹೂವಿಗೇ ಹೋಗುತ್ತದೆ. ಶ್ರಾವಣ, ದಸರೆಗೆ ಏರುವ ದರ ಇದರಲ್ಲಿ ಸೇರಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯಂಥ ಬಡಾವಣೆಯಲ್ಲಿ ಮನೆ ಮುಂದೆ ತುಸು ಮಣ್ಣಿದ್ದರೂ ಸಾಕು, ವರ್ಷಗಟ್ಟಲೆ ಬದುಕುವ ಹೂಗಿಡಗಳು ಈ ಖರ್ಚನ್ನು ಬಹಳ ಇಳಿಸುತ್ತವೆ. ಗಿಡಗಳನ್ನು ನೆರೆಯವರಿಂದ ತಂದು, ದುಡ್ಡನ್ನು ಮಣ್ಣಿಗೆ ಹಾಕುವುದೇ ಜಾಣತನ. ಈ ಅಂಕಣಕಾರರ ಅಂಗಳದಲ್ಲೂ ಖರ್ಚಾದದ್ದು ಮಣ್ಣು, ತಿಪ್ಪೆಗೊಬ್ಬರ, ಕುಂಡಗಳಿಗೆ. ಗಿಡಗಳಲ್ಲಿ ಹೆಚ್ಚಿನವು ಅಕ್ಕಪಕ್ಕದ ಮನೆಗಳವು.

ಮಣ್ಣಿಗೆ ಹಣ ಬೇಕಾಗುವುದಕ್ಕೆ ಕಾರಣವಿದೆ. ಇಲ್ಲಿನ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಕೆಂಪು ಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ ಬೆರೆಸಿದರೆ ಅದೇ ಎರೆ ಹದವಾಗುತ್ತದೆ. ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋದರೆ ಕೆಂಪು ಮಣ್ಣು ಕಾಣುತ್ತದೆ. ಭೌಗೋಳಿಕ ಸೂಚಕ ಪಡೆದ ಕಮಲಾಪುರದ ಕೆಂಪು ಬಾಳೆಯೂ ತಾಯಿಗಿಡದ ಬುಡದ ಕಂದು ಕಿತ್ತು ನೆಟ್ಟೇ ಬೆಳೆದುಬಂದದ್ದು. ಅಂಗಳದ ಹೂಗಿಡ ಹೆಚ್ಚುವುದೂ ಬಹುಪಾಲು ಹಾಗೆಯೇ.

ಹಂಚಲು ಎಲ್ಲಕ್ಕಿಂತ ಸುಲಭ ಸುಗಂಧರಾಜ. ಎಲೆ ಹಳದಿಯಾದ ಮೇಲೆ ಅಗೆದರೆ ಒಂದು ಗಡ್ಡೆಯ ಸುತ್ತ ಹಲವು ಮರಿಗಡ್ಡೆಗಳಿರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಶೃಂಗಾರ, ಪ್ರಜ್ವಲ್ ಒಂಟಿ ಸುತ್ತಿನವು, ಸುವಾಸಿನಿ, ವೈಭವ್ ಹೆಚ್ಚು ಸುತ್ತಿನವು. ಮಾಲೆ ಕಟ್ಟುವ ಮನೆಗೆ ಒಂಟಿ ಸುತ್ತಿನದೇ ಮೇಲು, ಅದಕ್ಕೆ ಪರಿಮಳ ಹೆಚ್ಚು. ಸೇವಂತಿಗೆ ಹೂ ಮುಗಿದ ಮೇಲೆ ಬುಡದಲ್ಲಿ ಮರಿ ಒಡೆಯುತ್ತದೆ, ಬೇರುಸಹಿತ ಬಿಡಿಸಿಕೊಟ್ಟರಾಯಿತು. ದಾಸವಾಳ, ನಂದಿಬಟ್ಟಲು ಪೆನ್ಸಿಲ್ ದಪ್ಪದ, ಗೇಣುದ್ದದ ಟೊಂಗೆಯಿಂದ ಮಳೆಗಾಲದಲ್ಲಿ ತಿಂಗಳೊಪ್ಪತ್ತಿನಲ್ಲಿ ಬೇರು ಬಿಡುತ್ತವೆ. ದುಂಡುಮಲ್ಲಿಗೆಗೆ ತಾಳ್ಮೆ ಬೇಕು. ಟೊಂಗೆ ಬಗ್ಗಿಸಿ, ಗಿಣ್ಣಿನ ಬಳಿ ತುಸು ಗೀರಿ, ಮಣ್ಣಿನಲ್ಲಿ ಹೂತರೆ ಮೂರು ನಾಲ್ಕು ತಿಂಗಳಿಗೆ ಬೇರೆ ಗಿಡ ಸಿದ್ಧ. ದೆಹಲಿ ಕನಕಾಂಬರದ ವಿಷಯ ಇನ್ನೂ ವಿಶೇಷ: ಅದು ಬೀಜ ಕಟ್ಟುವುದೇ ಇಲ್ಲ. ಟೊಂಗೆ ಕತ್ತರಿಸಿ ನೆಡುವವರಿದ್ದಷ್ಟು ಕಾಲ ಮಾತ್ರ ಅದು ಉಳಿಯುತ್ತದೆ.

ಕಣಗಿಲೆಯೂ ಟೊಂಗೆಯಿಂದ ಚಿಗುರುತ್ತದೆ, ಬಿಸಿಲಿಗೂ ಜಗ್ಗುವುದಿಲ್ಲ. ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಚಿಕ್ಕ ಮಕ್ಕಳು, ದನಕರು ಇರುವ ಮನೆಗೆ ಅದನ್ನು ಕೊಡಬಾರದು.

ಹಂಚುವುದರ ನಿಜವಾದ ಲಾಭ ಮೇ ತಿಂಗಳಲ್ಲಿ ತಿಳಿಯುತ್ತದೆ. ತಾಪಮಾನ 42 ಡಿಗ್ರಿ ದಾಟಿದಾಗ, ನಳದ ನೀರು ತಡವಾದಾಗ, ಶಹಾಬಾದ್ ಕಲ್ಲು ಹಾಸಿದ ಅಂಗಳದ ಕುಂಡಗಳೇ ಮೊದಲು ಒಣಗುತ್ತವೆ. ಅದೇ ಗಿಡದ ಮರಿ ನೆರಳಿರುವ ಬೇರೆ ಮನೆಯಲ್ಲಿದ್ದರೆ ಮಳೆಗಾಲಕ್ಕೆ ಒಂದು ಟೊಂಗೆ ಮರಳಿ ಬರುತ್ತದೆ. ಕಂತು ಕಟ್ಟದೆ ಸಿಗುವ ವಿಮೆ ಇದು. ಕುಂಡಗಳನ್ನು ಮಧ್ಯಾಹ್ನದ ಬಿಸಿಲು ತಾಗದ ಗೋಡೆಯ ಬದಿಗೆ ಸರಿಸಿ, ಬುಡಕ್ಕೆ ತೊಗರಿ ಹೊಟ್ಟು ಹೊದಿಸಿದರೆ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ತೊಗರಿ ಬೆಳೆಯುವ ಈ ಸೀಮೆಯಲ್ಲಿ ಹೊಟ್ಟಿಗೆ ಬರವಿಲ್ಲ. ನೀರಿನ ಫಿಲ್ಟರ್‌ನಿಂದ ಹೊರಬೀಳುವ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಕುಂಡಕ್ಕೆ ಅದನ್ನೇ ದಿನವೂ ಹಾಕಬಾರದು.

ಗಿಡದ ಜೊತೆಗೆ ರೋಗವೂ ಮನೆ ಬದಲಿಸುತ್ತದೆ. ದಾಸವಾಳದ ಎಳೆ ತುದಿಗೆ ಅಂಟುವ ಬಿಳಿ ಹಿಟ್ಟುತಿಗಣೆ ಹೆಚ್ಚಾಗಿ ಬರುವುದು ಹೊಸ ಗಿಡದೊಂದಿಗೇ. ತಂದ ಗಿಡವನ್ನು ಎರಡು ವಾರ ದೂರವಿಟ್ಟು, ತಿಗಣೆ ಕಂಡರೆ ತೆಳು ಸಾಬೂನು ನೀರಿನಿಂದ ತೊಳೆದು, ಪೂರ್ತಿ ಹೋದ ಮೇಲೆಯೇ ಉಳಿದವುಗಳ ಸಾಲಿಗೆ ಸೇರಿಸಬೇಕು.