ತೆರಿಗೆ ಸೊನ್ನೆಯಾದರೂ ರಿಟರ್ನ್ ಬೇಕು

ಭಾಗ್ಯನಗರದಲ್ಲಿ ಒಂದೇ ಮನೆಯವರು ಮಗ್ಗ ನಡೆಸಿ, ಕೂದಲು ವ್ಯಾಪಾರ ಮಾಡಿ, ಮೇಲೆ ನಾಲ್ಕೆಕರೆ ಹೊಲವನ್ನೂ ನೋಡಿಕೊಳ್ಳಬಹುದು. ಅಂಥವರು ಕೇಳುವುದು ಒಂದೇ: “12 ಲಕ್ಷದ ತನಕ ತೆರಿಗೆನೇ ಇಲ್ಲಂತಲ್ರೀ, ನಮಗ್ಯಾಕ ರಿಟರ್ನ್?”

ಮಾತು ಅರ್ಧ ನಿಜ. 2025–26ರ ಹೊಸ ಪದ್ಧತಿಯಲ್ಲಿ ತೆರಿಗೆ 4 ಲಕ್ಷ ದಾಟಿದೊಡನೆ ಶುರು: 8 ಲಕ್ಷದವರೆಗೆ ಶೇ 5, 12ರವರೆಗೆ ಶೇ 10. ಹೀಗೆ ಬಂದ ಮೊತ್ತವನ್ನು 87ಎ ರಿಬೇಟ್ ಅಳಿಸುತ್ತದೆ, ಅಷ್ಟೆ. 4 ಲಕ್ಷ ಮೀರಿದವರು ರಿಟರ್ನ್ ಸಲ್ಲಿಸಲೇಬೇಕು.

ಮೊದಲು ಸಂಬಳ, ವ್ಯಾಪಾರ, ಬಡ್ಡಿ, ಹೊಲದ ಆದಾಯಗಳನ್ನು ಬೇರೆ ಬೇರೆ ಬರೆದುಕೊಳ್ಳಿ. ಸಂಬಳದವರು 75 ಸಾವಿರ ಕಳೆಯಬಹುದು. ಸಣ್ಣ ವ್ಯಾಪಾರಿಗಳಿಗೆ 44ಎಡಿ ಎಂಬ ಸುಲಭ ದಾರಿಯಿದೆ. ವಹಿವಾಟು 2 ಕೋಟಿಯೊಳಗಿದ್ದರೆ ಬ್ಯಾಂಕ್, ಯುಪಿಐ ಮೂಲಕ ಬಂದ ಹಣದ ಶೇ 6, ನಗದಿನ ಶೇ 8 ಲಾಭವೆಂದು ತೋರಿಸಿದರೆ ಸಾಕು. ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ಉದಾಹರಣೆಗೆ, ವಹಿವಾಟು 90 ಲಕ್ಷವಿದ್ದು ಅಷ್ಟೂ ಬ್ಯಾಂಕಿಗೇ ಬಂದಿದ್ದರೆ ಲಾಭ 5.4 ಲಕ್ಷ, ತೆರಿಗೆ 7 ಸಾವಿರ; ರಿಬೇಟ್ ಕಳೆದರೆ ಸೊನ್ನೆ. ಅದೇ ಹಣ ನಗದಾಗಿ ಬಂದಿದ್ದರೆ ಲಾಭ 7.2 ಲಕ್ಷ. ಕಮಿಷನ್ ಏಜೆಂಟರಿಗೆ ಈ ದಾರಿ ಮುಚ್ಚಿದೆ.

ಎಡವುವುದು ಫಾರ್ಮ್ ಆರಿಸುವಾಗ. ಸಂಬಳದವರಿಗೆ ಐಟಿಆರ್-1, 44ಎಡಿಯವರಿಗೆ ಐಟಿಆರ್-4 ಎಂಬುದು ಸರಿ. ಆದರೆ ಹೊಲದ ಆದಾಯ 5 ಸಾವಿರ ದಾಟಿತೋ, ಇವೆರಡೂ ನಡೆಯುವುದಿಲ್ಲ. ಸಂಬಳದವರು ಐಟಿಆರ್-2, ವ್ಯಾಪಾರಿಗಳು ಐಟಿಆರ್-3 ಹಿಡಿಯಬೇಕು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗೆಂದು ಮುಚ್ಚಿಡುವಂತಿಲ್ಲ. ಬೇರೆ ಆದಾಯದ ಮೇಲಿನ ದರ ಲೆಕ್ಕಹಾಕುವಾಗ ಅದೂ ಒಳಗೆ ಬರುತ್ತದೆ.

ಆಮೇಲೆ ಪ್ಯಾನ್ ಹಾಕಿ ಇಲಾಖೆಯ ಪೋರ್ಟಲ್‌ಗೆ ಹೋಗಿ ನಿಮ್ಮ ಆದಾಯ, ಟಿಡಿಎಸ್ ವಿವರವಿರುವ ಎಐಎಸ್ ಮತ್ತು 26ಎಎಸ್ ಪಟ್ಟಿಗಳನ್ನು ನೋಡಿ. ಕೂಲಿ ನೇಯ್ಗೆಗೆ ಕೊಟ್ಟವರು ಶೇ 1 ಟಿಡಿಎಸ್ ಹಿಡಿದಿದ್ದರೆ ಅಲ್ಲಿ ಕಾಣುತ್ತದೆ. ರಿಟರ್ನ್ ಹಾಕದಿದ್ದರೆ ಆ ಹಣ ವಾಪಸ್ ಬರುವುದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾದರೂ 2025–26ರ ಈ ಲೆಕ್ಕ 1961ರ ಕಾಯ್ದೆಯದೇ, ಗಾಬರಿ ಬೇಡ.

ಸಂಬಳದವರಿಗೆ ಗಡುವು ಜುಲೈ 31. ತಡವಾದರೆ ದಂಡ 5 ಸಾವಿರ, ಆದಾಯ 5 ಲಕ್ಷದೊಳಗಿದ್ದರೆ 1 ಸಾವಿರ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಿ. ಆನ್‌ಲೈನ್ ಸೆಂಟರಿನಲ್ಲಿ ಬೇರೆಯವರ ಕೈಲಿ ಹಾಕಿಸುವವರು ಆಧಾರ್‌ಗೆ ಜೋಡಿಸಿದ ಮೊಬೈಲನ್ನು ಜೊತೆಗೇ ಒಯ್ಯಿರಿ.